ಟರ್ನಿಪ್ ಬಿತ್ತಿದ ಕೋಟೆ

ಅಮ್ಮನ ಗಂಟಲಲ್ಲಿ ನೀರೂ ಇಳಿಯದೆ ಎರಡು ತಿಂಗಳಾಗಿತ್ತು. ಹೊಟ್ಟೆಗೇ ಕೊಳವೆ ಇಟ್ಟು ಆಹಾರ ಕೊಡುತ್ತಿದ್ದರು. ಇನ್ನು ಸಾಕು, ಕೊಳವೆ ಬೇಡ ಎಂಬ ಕಾಗದಕ್ಕೆ ಸಹಿ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಡಾಕ್ಟರಿಗೆ ಅಷ್ಟೇ ಸಾಕಿತ್ತು. ಅಮ್ಮನಿಗೆ ಸಾಲದು, ಅಪ್ಪ ಒಪ್ಪಬೇಕು. ಅಪ್ಪನೋ, ಆ ಮಾತೆತ್ತಿದರೆ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

ಅಪ್ಪ ದ್ವಾರಕನಾಥ ಜರ್ಮನಿಯ ಮ್ಯಾನ್‌ಹೈಮ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಸಂಜೆಯಾದರೆ ಗಮಕಿ. ಓದುವುದು ಅವರು, ಕೇಳುವುದು ಅಮ್ಮ. ಅವರದೊಂದು ನೇಮವಿತ್ತು: ಸಾವು, ಸೋಲಿನ ಪದ್ಯಕ್ಕೆ ನಿಲ್ಲಿಸಬಾರದು. ಎಷ್ಟು ಹೊತ್ತಾದರೂ ಶುಭದ ಪದ್ಯದವರೆಗೆ ಓದಿ, ಮಂಗಳ ಹಾಡಿಯೇ ಏಳಬೇಕು.

ನಾನು ಇಲ್ಲಿನ ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತೇನೆ. ಹೊತ್ತು ಹೋಗಲಿ ಎಂದು ಅಮ್ಮನಿಗೆ ಹಳೆಯ ಇಟಲಿಯ ಕಸಿಲಿನಮ್ ಕೋಟೆಯ ಕಥೆ ಹೇಳಿದ್ದೆ. ಒಳಗೆ ರೋಮಿನ ಕಡೆಯ ಸಾವಿರದಷ್ಟು ಸೈನಿಕರು, ಹೊರಗೆ ಕಾರ್ಥೇಜಿನ ಹ್ಯಾನಿಬಲ್. ದೂರದಲ್ಲಿದ್ದ ರೋಮನ್ ಸೈನ್ಯ ಒಳಗಿನವರಿಗೆಂದು ಪೀಪಾಯಿಗಳಲ್ಲಿ ಕಾಳು ತುಂಬಿ ಹೊಳೆಯಲ್ಲಿ ತೇಲಿಬಿಟ್ಟಿತು. ಕೊನೆಗೆ ಅದೂ ಶತ್ರುವಿನ ಕಣ್ಣಿಗೆ ಬಿತ್ತು. ಒಳಗಿನವರು ಗುರಾಣಿಯ ತೊಗಲು ಬೇಯಿಸಿ ತಿಂದರು. ಗೋಡೆಯ ಬುಡದ ಹುಲ್ಲು ಕಿತ್ತು ತಿಂದರು. ಅದೂ ಸಿಗದಿರಲೆಂದು ಹ್ಯಾನಿಬಲ್ ಅಲ್ಲಿ ನೇಗಿಲು ಹೊಡೆಸಿದ. ಅವರು ಆ ಉತ್ತ ಮಣ್ಣಿಗೇ ಟರ್ನಿಪ್ ಗೆಡ್ಡೆಯ ಬೀಜ ಎರಚಿದರು. ಇದು ಬೆಳೆಯುವ ತನಕ ನಾನಿಲ್ಲಿ ಕೂತಿರಬೇಕೇ ಎಂದನಂತೆ ಅವನು. ಮುಂದಿನದನ್ನು ಅಪ್ಪನಿಗಷ್ಟೇ ಹೇಳಿದ್ದೆ.

ಅಪ್ಪ ಅದನ್ನು ಷಟ್ಪದಿಗೆ ಇಳಿಸಿದರು, ದಿನಕ್ಕೆರಡು ಪದ್ಯ. ಅವರ ಕಥೆಯಲ್ಲಿ ಟರ್ನಿಪ್ ಚಿಗುರಿತು, ಹ್ಯಾನಿಬಲ್ ಬೇಸತ್ತು ಪಾಳೆಯ ಕಿತ್ತ. ಮಂಗಳವೂ ಆಯಿತು.

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ರಚನಾ, ನಿನ್ನ ಪುಸ್ತಕದಲ್ಲೂ ಹೀಗೇ ಇದೆಯೇನೆ?”

ಅಪ್ಪ ಕನ್ನಡಕ ಒರೆಸುತ್ತ ಕೂತರು. ಇಲ್ಲ ಎಂದೆ. ಹತ್ತಿರ ಹತ್ತಿರ ಅರ್ಧ ಜನ ಸತ್ತರು, ಉಳಿದವರು ಬಾಗಿಲು ತೆಗೆದರು. ಟರ್ನಿಪ್ ಏನಾಯಿತೋ ಬರೆದಿಲ್ಲ.

“ಅವರನ್ನ ಹೇಡಿಗಳು ಅಂದರಾ?”

“ಇಲ್ಲಮ್ಮ. ಅವರ ನಾಯಕನಿಗೆ ಊರಲ್ಲಿ ಪ್ರತಿಮೆ ನಿಲ್ಲಿಸಿದರು.”

ಅಮ್ಮ ಅಪ್ಪನ ಕಡೆ ಹೊರಳಿದಳು. “ನಲವತ್ತು ವರ್ಷ ಕೇಳಿದೀನಿ ರೀ, ನೀವು ಕಥೆ ತಿರುಚಿದ್ದು ಇದೇ ಮೊದಲು. ಅದೂ ಟರ್ನಿಪ್ಪಿಗೋಸ್ಕರ. ಇದ್ದದ್ದು ಇದ್ದ ಹಾಗೆ ಓದಿಬಿಡಿ.”

ಮರುದಿನ ಸಂಜೆ ಅಪ್ಪ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹಾಳೆ ನೋಡದೆ ಓದಿದರು:

ಹಸಿದ ಕೈಗಳು ಬಿತ್ತಿ ಬಂದವು
ಹಸಿರ ಕಾಣುವ ಮುನ್ನ ಕೋಟೆಯ
ಕಸುವು ಮುಗಿದುದು ಕದವ ತೆರೆದರು ತಲೆಯ ತಗ್ಗಿಸದೆ

ಅರ್ಧ ಪದ್ಯಕ್ಕೇ ದನಿ ನಿಂತಿತು. ಅವರು ದಿಂಬಿನ ಕೆಳಗಿಂದ ಆ ಕಾಗದ ತೆಗೆದು, ಅಮ್ಮನ ಸಹಿಯ ಪಕ್ಕ ತಮ್ಮದೂ ಹಾಕಿದರು. ಡಾಕ್ಟರಿಗೆ ಅದು ಬೇಕಿರಲಿಲ್ಲ. ಹಾಕಿ, ನಾಳೆ ನರ್ಸಿಗೆ ನಾನೇ ಹೇಳುತ್ತೇನೆ ಎಂದರು.

ಅಮ್ಮ ಎಂದಿನಂತೆ ಮಂಗಳಕ್ಕೆ ಕೈ ಮುಗಿದು ಕಾಯುತ್ತಿದ್ದಳು. ಅಪ್ಪನಿಗೆ ಆಗಲಿಲ್ಲ. ನಾನು ಶುರು ಮಾಡಿದೆ. ನನಗೆ ಬರುತ್ತಿದ್ದುದು ಮೊದಲ ಸಾಲೊಂದೇ. ಅದನ್ನೇ ಮೂರು ಸಲ ಹಾಡಿದೆ.