ಎಡಗಡೆಯ ವಸಡು

ಕಮಲಾಪುರದ ಅಂಗನವಾಡಿ ಟೀಚರ್ ರಮಾಬಾಯಿಗೆ ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರುತ್ತಿತ್ತು. ಕಲಬುರಗಿಯ ದವಾಖಾನೆಯೊಂದರಲ್ಲಿ ಡಾಕ್ಟರು ಬಲಗಡೆಯ ಹಲ್ಲುಗಳ ಬುಡಕ್ಕೆ ಕಟ್ಟಿದ್ದ ಪಾಚಿ ಕೆರೆದು ತೆಗೆದು, ಎಡಗಡೆಗೆ ಮುಂದಿನ ವಾರ ಬರಲು ಹೇಳಿದ್ದರು. ಪಾಚಿ ಹೋದ ಮೇಲೆ ಹಲ್ಲುಗಳ ನಡುವೆ ಸಂದುಗಳು ಕಂಡವು. "ಕೆರಸಿದ್ರ ಹಲ್ಲು ಸಡ್ಲ ಆಗ್ತಾವ" ಎಂದು ಅಕ್ಕ ಮಾನಮ್ಮ ಹೆದರಿಸಿದಳು. ರಮಾಬಾಯಿ ಮತ್ತೆ ಹೋಗಲಿಲ್ಲ. ರಕ್ತ ಬರುತ್ತದೆಂದು ಎಡಗಡೆ ಬ್ರಶ್ ತಾಗಿಸುವುದನ್ನೂ ಬಿಟ್ಟಳು.

ಎಂಟು ತಿಂಗಳಲ್ಲಿ ಒಂದು ದವಡೆ ಹಲ್ಲು ಅಲುಗಾಡತೊಡಗಿತು. ತುಂಬಿದ ಬಸ್ಸಿನಲ್ಲಿ ನಿಂತೇ ದವಾಖಾನೆಗೆ ಬಂದವಳು ಡಾಕ್ಟರ ಮೇಲೆ ರೇಗಿದಳು. "ನೀವು ಕೆರದಿದ್ದಕ್ಕ ಹಿಂಗಾಗ್ಯದ ನೋಡ್ರಿ!"

ಡಾಕ್ಟರು ಅವಳ ಕೈಗೆ ಕನ್ನಡಿ ಕೊಟ್ಟರು. "ನಾ ಕೆರದಿದ್ದು ಯಾವ ಕಡಿ, ಅಲುಗ್ಯಾಡೋದು ಯಾವ ಕಡಿ, ನೀವೇ ನೋಡ್ರಿ ಟೀಚರ್."

ಬಲಗಡೆ ವಸಡು ಹಲ್ಲಿಗೆ ಬಿಗಿಯಾಗಿ ಕೂತಿತ್ತು. ಅಲುಗಾಡುವ ಹಲ್ಲಿದ್ದ ಎಡಗಡೆಯದು ಊದಿ ಕೆಂಪಾಗಿತ್ತು.

"ರಕ್ತ ಬರೋ ಕಡೀನೇ ಮೆತ್ತಗ ತಿಕ್ಕಬೇಕಿತ್ರಿ. ಪಾಚಿ ಕುಂತು ಒಳಗ ಎಲುಬು ಸವದದ. ಈ ಹಲ್ಲು ತೆಗೀಬೇಕು. ಉಳಿದವು ಉಳಸೋಣ."

ಅವಳಿಗೆ ಅಕ್ಕನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೆಯೇ ಬಂತು. ಮಕ್ಕಳಿಗೆ ದಿನಾ ಹಲ್ಲುಜ್ಜುವುದನ್ನು ಹೇಳಿಕೊಡುವವಳು ತಾನು.

"ಇವತ್ತೇ ಕೆರದು ಬಿಡ್ರಿ" ಎಂದು ಬಾಯಿ ತೆರೆದಳು.