ಕೈಯಾರೆ ಬರೆದದ್ದು

ಕುರುಗೋಡಿನಿಂದ ಬಂದ ಕಾರ್ಡನ್ನು ಅವ್ವ ದೇವರ ಜಗುಲಿಯ ಮೇಲಿಟ್ಟಿದ್ದಳು. ಹೋದ ವಾರ ನಮ್ಮೂರು ಸಿರುಗುಪ್ಪಕ್ಕೆ ಬಂದು ನನ್ನನ್ನು ನೋಡಿಹೋದ ಚನ್ನಬಸವರಾಜ ಕಳಿಸಿದ್ದು. 'ಅಕ್ಷತಾ ಅವರೇ, ನೀವು ಹೂಂ ಅಂದರೆ ನನಗೆ ಸಂತೋಷ' ಎಂದಿತ್ತು. ಕೆಳಗೆ, 'ಕೈಯಾರೆ ಬರೆದದ್ದು.' ಎಲ್ಲ ಕುಂಚದ ಅಕ್ಷರ. ಕುಂಚ ಹಿಡಿಯುವ ಹುಡುಗ ಹೆಂಡದ ಶೀಸೆ ಹಿಡಿಯುವುದಿಲ್ಲ ಎಂದು ಅವ್ವ ಅಷ್ಟರಲ್ಲೇ ತೀರ್ಮಾನಿಸಿದ್ದಳು.

ನಾನು ಬಳ್ಳಾರಿಯ ಕೌಲ್ ಬಜಾರಿನ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಡಿಸೈನ್ ಮಾಡುತ್ತೇನೆ. ಹೋದ ವರ್ಷ ವರ್ಣಮಾಲೆಯನ್ನೆಲ್ಲ ಕುಂಚದಲ್ಲಿ ಬರೆದು, ಸ್ಕ್ಯಾನ್ ಮಾಡಿ, ಫಾಂಟ್ ತಯಾರಿಸಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದೆ. ಶುರುವಿಗೆ ದಪ್ಪ, ಕೊನೆಗೆ ಬಣ್ಣ ತೀರಿದ ಗೀರು. ಎಲ್ಲ ಅಕ್ಷರಗಳೂ ಬಸ್ಸಿಗೆ ಓಡುವವರಂತೆ ಮುಂದಕ್ಕೆ ಬಾಗಿವೆ. ಈಗ ಅದು ನಮ್ಮೂರಿನ ಅಕ್ಕಿ ಚೀಲದ ಮೇಲಿದೆ, ಬ್ರೂಸ್‌ಪೇಟೆಯ ಸೀರೆ ಅಂಗಡಿಯ ಮೇಲಿದೆ, ಲೀಡರುಗಳ ಹುಟ್ಟುಹಬ್ಬಕ್ಕೂ ಇದೆ, ಭಾವಪೂರ್ಣ ಶ್ರದ್ಧಾಂಜಲಿಗೂ ಇದೆ. 'ರ' ಬರೆಯುವಾಗ ಕುಂಚದ ಕೂದಲೊಂದು ಉದುರಿ ಅಂಟಿಕೊಂಡಿತ್ತು. ಇರಲಿ ಅಂತ ಬಿಟ್ಟಿದ್ದೆ. ಕಾರ್ಡಿನ 'ಕೈಯಾರೆ'ಯಲ್ಲೂ ಆ ಕೂದಲಿತ್ತು, 'ಬರೆದದ್ದು' ಎಂಬುದರಲ್ಲೂ ಇತ್ತು.

ನೋಡಲು ಬಂದ ದಿನ ಅವನು ನನಗೆ ಹಿಡಿಸಿದ್ದ. ತೊಂದರೆ ಅದೇ. ಮೊದಲ ಕಾರ್ಡಿನಲ್ಲೇ ಸುಳ್ಳು ಬರೆದವನಿಗೆ ಹೂಂ ಅನ್ನುವುದು ಹೇಗೆ?

ಭಾನುವಾರ ಉತ್ತರ ಕೇಳಲು ಬಂದ. ನಮ್ಮಪ್ಪ ತಿಪ್ಪೇರುದ್ರಪ್ಪ ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಕೈಬರಹ ಮುತ್ತಿನಂಗೈತಿ ಎಂದು ಹೊಗಳಿದ. ಅವನು ಬೇಡ ಅನ್ನಲಿಲ್ಲ. ಅಪ್ಪ ಎದ್ದುಹೋದ ಮೇಲೆ ನಾನು ಕಾರ್ಡನ್ನು ಅವನ ಮುಂದಿಟ್ಟೆ.

"ಈ ಎರಡು ರೆ ಇಷ್ಟು ಒಂದೇ ಥರ ಹೆಂಗ ಬರದ್ರಿ?"

"ಕೈ ಪಳಗೈತ್ರಿ."

ನಾನು ಒಳಗಿನಿಂದ ಕುಂಚ, ಇಂಕು, ಹಾಳೆ ತಂದಿಟ್ಟು, ಇನ್ನೊಮ್ಮೆ ಬರೆದು ತೋರಿಸಿರಿ ಅಂದೆ. ಅವನು ಕುಂಚವನ್ನು ಸ್ಕ್ರೂಡ್ರೈವರಿನಂತೆ ಹಿಡಿದ. ಕುರುಗೋಡಿನಲ್ಲಿ ಅವನದು ಪಂಪ್‌ಸೆಟ್ಟಿನ ಅಂಗಡಿ. ಇಂಕಿಗೆ ಅದ್ದದೆಯೇ ಕುಂಚ ಕೆಳಗಿಟ್ಟ.

"ಕಂಪ್ಯೂಟರ್‌ನಾಗ ಮಾಡೀನ್ರಿ. ನನ್ನ ಅಕ್ಷರ ನೋಡಿದ್ರ ನೀವು ಒಲ್ಲೆ ಅಂತೀರಿ ಅಂತ ಅಂಜಿದೆ."

"ಅದು ಯಾರ ಕೈ ಗೊತ್ತೇನ್ರಿ? ನಂದು. ಆ ಫಾಂಟ್ ಮಾಡಿದಾಕಿ ನಾನು."

ಅವನ ಕಿವಿ ಕೆಂಪಾದವು. ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ.

"ಹಂಗಾದ್ರ ನಿಮ್ಮ ಕೈಲೇ ನಿಮಗ ಬರಸಿದಂಗಾತು," ಅಂದ. "ಇನ್ನ ನೀವ ಹೂಂ ಅಂತನೂ ಬರಕೊಂಡುಬಿಡ್ರಿ."

ನಗು ತಡೆಯಲಾಗಲಿಲ್ಲ. ಆದರೂ 'ಕೈಯಾರೆ ಬರೆದದ್ದು' ಎಂದು ಬರೆಯದೆ ಏಳುವ ಹಾಗಿಲ್ಲ ಅಂದೆ. ಬರೆದ. ಒಂದು ರೆ ಹಬ್ಬದೂಟ ಉಂಡು ಮಲಗಿತ್ತು. ಇನ್ನೊಂದು, ವಾರವಿಡೀ ಉಪವಾಸವಿದ್ದಂತೆ, ಒರಗಲು ಗೋಡೆ ಹುಡುಕುತ್ತಿತ್ತು. 'ದ್ದು' ಹಾಳೆ ದಾಟಿ ಅಪ್ಪನ ಟೀಪಾಯಿಯ ಮೇಲೆ ಮುಗಿಯಿತು. ಒಂದನ್ನೊಂದು ಹೋಲುವ ಎರಡು ಅಕ್ಷರ ಹುಡುಕಿದರೂ ಸಿಗಲಿಲ್ಲ.

ಅವ್ವ ಆಗಿನಿಂದ ಸಕ್ಕರೆ ಡಬ್ಬಿ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಳು. ಹೂಂ ಅಂದರೆ ಎಲ್ಲರ ಬಾಯಿ ಸಿಹಿ ಮಾಡಬೇಕಲ್ಲ. ಸಕ್ಕರೆ ತಗೊಂಡು ಬಾ ಎಂದು ಅವ್ವನನ್ನು ಕರೆದು, ಇಂಕು ಆರದ ಆ ಹಾಳೆಯನ್ನು ದೇವರ ಜಗುಲಿಯ ಮೇಲೆ, ಕಾರ್ಡಿದ್ದ ಜಾಗದಲ್ಲಿಟ್ಟೆ.