ಧಾರೆಗೆ ಕೂತ ಭಟ್ಟರು

ಸಂಸೆಯ ಗಣಪಯ್ಯ ಭಟ್ಟರು ಕೂರುವುದರಲ್ಲಿ ಹೆಸರುವಾಸಿ. ಮಣೆಯ ಮೇಲೆ ಕೂತರೆಂದರೆ ಹೋಮ ಮುಗಿಯುವ ತನಕ ಮಿಸುಕುವವರಲ್ಲ. ಅಂಥವರು ಸ್ವಂತ ಮಗಳು ಪಂಚಮಿಯ ಮದುವೆ ಹತ್ತಿರ ಬಂದಾಗ ಕೂರಲಾರದೆ ಗೋಡೆಗೊರಗಿ ನಿಂತಿದ್ದರು! ಗುದದ್ವಾರದ ಪಕ್ಕದಲ್ಲಿ ಕುರು ಎದ್ದಿತ್ತು. ಹೋದ ಮಳೆಗಾಲದಲ್ಲೂ ಅದೇ ಜಾಗದಲ್ಲಿ ಎದ್ದು, ಕೀವು ಸೋರಿ ಮಾಯವಾಗಿತ್ತು.

"ರೀ, ಆಸ್ಪತ್ರೆಗೆ ಹೋಗಿ ಬರೋಣ" ಎಂದರು ಹೆಂಡತಿ ಸುಶೀಲಾ.

"ಸುಮ್ನಿರೇ! ಆ ಜಾಗ ಯಾರಿಗೆ ತೋರಿಸ್ಲಿ? ಮೂಲವ್ಯಾಧಿ ಇರ್ಬೇಕು. ಒಡೆದ್ರೆ ತಾನೇ ಹೋಗತ್ತೆ."

ಮದುವೆ ಕೆಲಸಕ್ಕೆಂದು ಬಂದಿದ್ದ ನೆರೆಯ ಕಾಫಿ ಬೆಳೆಗಾರ ಗಂಗಾಧರಪ್ಪನವರಿಗೆ ಇದು ಕೇಳಿಸಿತು.

"ಭಟ್ರೇ, ನಂಗೂ ಇದೇ ಆಗಿತ್ತು. ಬೈಕ್ ಹತ್ತೋಕಾಗ್ದೆ ಇಡೀ ತೋಟ ನಡ್ಕೊಂಡೇ ಸುತ್ತಿದೀನಿ. ಅಂಗಡಿ ಮಾತ್ರೆ ನುಂಗಿದ್ದೇ ಬಂತು, ಕೊನೆಗೆ ಡಾಕ್ಟ್ರ ಹತ್ರ ಕೊಯ್ಯಿಸ್ಕೊಂಡ ಮೇಲೇ ವಾಸಿ ಆಗಿದ್ದು. ಇದು ಮೂಲವ್ಯಾಧಿ ಅಲ್ಲ ಮಾರಾಯ್ರೇ, ಒಳಗಿನ ಸಣ್ಣ ಗ್ರಂಥಿಗೆ ಸೋಂಕಾಗಿ ಕೀವು ಕಟ್ಟೋದು. ಅದೇ ಜಾಗದಲ್ಲಿ ಮತ್ತೆ ಎದ್ರೆ, ಒಳಗಿಂದ ಹೊರಗೆ ಒಂದು ದಾರಿ ಆಗಿರ್ಬಹುದು. ಫಿಸ್ಟುಲಾ ಅಂತಾರೆ. ಮೇಲೆ ಗಾಯ ಮುಚ್ಚಿದ್ರೂ ಒಳಗಿನ ದಾರಿ ಹಾಗೇ ಇರತ್ತಲ್ಲ!"

"ಕೊಯ್ಯಿಸ್ಕೊಂಡ್ರೆ ಧಾರೆಗೆ ಕೂರೋಕಾಗತ್ತಾ?"

"ಕೊಯ್ಯಿಸ್ದೆ ಇದ್ರೆ ಕೂರ್ತೀರಾ?"

ಭಟ್ಟರಿಗೆ ಆಗಲೇ ಚಳಿಜ್ವರ ಬೇರೆ ಶುರುವಾಗಿತ್ತು. ಗಂಗಾಧರಪ್ಪನವರ ಜೀಪಿನಲ್ಲಿ ಮಗ್ಗುಲಾಗಿ ಮಲಗಿಕೊಂಡೇ ಆಸ್ಪತ್ರೆಗೆ ಹೊರಟರು.

ಸರ್ಜನ್ ಅರಿವಳಿಕೆ ಕೊಟ್ಟು ಕುರು ಕೊಯ್ದು ಕೀವು ತೆಗೆದರು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಕಾಯಿಲೆಯೂ ಇತ್ತು! "ಅದನ್ನು ಹತೋಟಿಯಲ್ಲಿಡಿ. ದಿನವೂ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿ. ಸೊಪ್ಪು, ತರಕಾರಿ ತಿನ್ನಿ, ಮಲಬದ್ಧತೆ ಆಗಬಾರದು. ಮದುವೆ ಮುಗಿಸಿ ಬನ್ನಿ, ಸ್ಕ್ಯಾನ್ ಮಾಡಿ ಫಿಸ್ಟುಲಾ ಇದೆಯಾ ನೋಡೋಣ. ಇದ್ದರೆ ಅದಕ್ಕೂ ಆಪರೇಷನ್ ಬೇಕು" ಎಂದರು.

ಧಾರೆಯ ದಿನ ಭಟ್ಟರು ಮಣೆಗೆ ಮೆತ್ತನೆಯ ದಿಂಬು ಹಾಕಿ ಕೂತರು. ಯಾರೋ ಕೊಂಕು ನುಡಿದರು: "ಮಣೆ ಮೇಲೆ ದಿಂಬಾ ಭಟ್ರೇ?"

"ಹೌದು ಮಾರಾಯ್ರೇ, ಅಲ್ಲಿ ಕುರು ಕೊಯ್ಸಿದೀನಿ. ನಾಚ್ಕೊಂಡು ಕೂತಿದ್ರೆ ಇವತ್ತು ಮಗಳನ್ನ ಧಾರೆ ಎರೆಯೋಕೆ ಆಗ್ತಿರ್ಲಿಲ್ಲ!"

ಮದುಮಗಳು ಪಂಚಮಿ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಎಂಥ ಹೆಮ್ಮೆ! ಊಟ ಮುಗಿದು ಕೈ ತೊಳೆಯುವಾಗ ಒಬ್ಬರು ಮೆಲ್ಲಗೆ ಹತ್ತಿರ ಬಂದು, "ಭಟ್ರೇ, ಆ ಡಾಕ್ಟ್ರು ಎಲ್ಲಿ ಸಿಗ್ತಾರೆ?" ಎಂದು ಕೇಳಿದರು. ಭಟ್ಟರು ಅವರ ಭುಜದ ಮೇಲೆ ಕೈಯಿಟ್ಟು, "ನಾನೇ ಕರ್ಕೊಂಡು ಹೋಗ್ತೀನಿ" ಎಂದರು.

ನಿಮಗೂ ಆ ಜಾಗದಲ್ಲಿ ಕುರು ಎದ್ದಿದೆಯೇ? ಹಿಸುಕಬೇಡಿ, ಅಂಗಡಿ ಮಾತ್ರೆ ನಂಬಿ ಕೂರಬೇಡಿ. ಜ್ವರ ಬಂದರೆ, ಮೂತ್ರ ಕಟ್ಟಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ ಇದು ಹೊಸದಲ್ಲ. ಅವರೆದುರು ಬಾಯಿಬಿಟ್ಟು ಹೇಳಿ, ತಲೆ ಎತ್ತಿ ಮನೆಗೆ ಬನ್ನಿ.